ಕೆಂಪು ಎಚ್ಚರಿಕೆಯ ದಿನ ರಜೆ

ಫೆಬ್ರವರಿ 10, ಸೋಮವಾರ

ಇಂದಿನಿಂದ ನಾನು ನಗರ ತಾಪ ಹೊಂದಾಣಿಕೆ ಅಧಿಕಾರಿ. ಬೆಳಿಗ್ಗೆ ಕಮಿಷನರ್ ಮೇಡಂ ಕರೆದು, ಕೂರಲು ಹೇಳಿ, ಟೀ ತರಿಸಿದರು. ಈ ಮೂರೂ ಒಟ್ಟಿಗೆ ನಡೆದರೆ ತಲೆಯ ಮೇಲೆ ಏನೋ ಬೀಳಲಿದೆ ಎಂದೇ ಅರ್ಥ. ಹವಾಮಾನ ಬದಲಾಗುತ್ತಿದೆ, ಪ್ರತಿ ನಗರವೂ ಅದಕ್ಕೆ ಹೊಂದಿಕೊಳ್ಳುವ ಯೋಜನೆ ಮಾಡಿಕೊಳ್ಳಬೇಕು ಎಂದು ಸರ್ಕಾರದಿಂದ ಆದೇಶ ಬಂದಿದೆಯಂತೆ. ಬಿಸಿಲು ಏರುವ ಮೊದಲು ನಮ್ಮದು ಸಿದ್ಧವಾಗಬೇಕಂತೆ. ಹೋದ ವರ್ಷ ನಾನು ಪ್ರವಾಹ ಸನ್ನದ್ಧತಾ ಅಧಿಕಾರಿಯಾಗಿದ್ದೆ. ಪ್ರವಾಹ ಬರಲಿಲ್ಲ. ಅದನ್ನು ನನ್ನ ಸಾಧನೆ ಎಂದು ಬರೆದುಕೊಂಡೆ, ಯಾರೂ ಆಕ್ಷೇಪಿಸಲಿಲ್ಲ. ಈಗ ಬಾಗಿಲ ಮೇಲಿನ ಫಲಕ ಬದಲಾಗಿದೆ, ಕುರ್ಚಿ ಅದೇ.

ಇಂಥ ದೊಡ್ಡ ಕೆಲಸ ಹೇಗೆ ನಡೆಯಿತು ಎಂಬುದಕ್ಕೆ ನನ್ನ ಬಳಿಯಾದರೂ ಒಂದು ಗುರುತಿರಲಿ ಎಂದು ಈ ದಿನಚರಿ. ಯಾರಿಗೂ ತೋರಿಸುವುದಕ್ಕಲ್ಲ.

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ಹಲ್ಲಿನ ಆಸ್ಪತ್ರೆಯೊಂದರ ಮ್ಯಾನೇಜರ್. ದಿನವಿಡೀ ಬಾಯಿ ತೆರೆದವರನ್ನೇ ನೋಡಿ ಬರುವವಳಿಗೆ ನಾನು ಬಾಯಿ ತೆರೆದರೆ ತಾಳ್ಮೆ ಕಡಿಮೆ. "ಹಾಗಾದ್ರೆ ಅಪ್ಪನ ಮನೆಗೆ ಏನ್ ಮಾಡ್ತೀರಿ?" ಎಂದಷ್ಟೇ ಕೇಳಿದಳು.

ಅವಳ ತಂದೆ ರೈಲು ನಿಲ್ದಾಣದಲ್ಲಿ ಅನೌನ್ಸರ್ ಆಗಿದ್ದವರು. ಧ್ವನಿಮುದ್ರಿತ ಘೋಷಣೆ ಬಂದ ಮೇಲೆ ಅವರು ನಿವೃತ್ತರಾದರು, ಅವರ ಧ್ವನಿ ಆಗಲಿಲ್ಲ. ನಿಲ್ದಾಣದ ಹಿಂದಿನ ಬೀದಿಯಲ್ಲಿ ಒಂದು ಹಳೆಯ ಕಟ್ಟಡದ ಕಟ್ಟಕಡೆಯ ಮಹಡಿಯಲ್ಲಿ ಒಬ್ಬರೇ ಇದ್ದಾರೆ. ಮೇಲೆ ಬರೀ ಕಾಂಕ್ರೀಟು ತಾರಸಿ. ಹೋದ ಬೇಸಿಗೆಯಲ್ಲಿ ಸ್ನಾನದ ಮನೆಯಲ್ಲಿ ತಲೆ ಸುತ್ತಿ ಬಿದ್ದಿದ್ದರು. ಅಂಥ ಇನ್ನೊಂದು ಬೇಸಿಗೆಯನ್ನು ಆ ಮನೆಯಲ್ಲಿ ಕಳೆದರೆ ಜೀವಕ್ಕೇ ಅಪಾಯ ಎಂದು ಡಾಕ್ಟರು ಹೇಳಿದ್ದಾರೆ. ಅವರನ್ನು ಇಲ್ಲಿಗೆ ಕರೆತರಬೇಕು, ಚಿಕ್ಕ ಕೋಣೆ ಇದೆಯಲ್ಲ ಎಂದು ಹೆಂಡತಿಯ ವಾದ. ಚಿಕ್ಕ ಕೋಣೆಯಲ್ಲಿ ನನ್ನ ಮೇಜು ಇದೆ, ನಕ್ಷೆಗಳಿವೆ, ಮನೆಯಲ್ಲೇ ಚೆನ್ನಾಗಿ ತಿರುಗುವ ಫ್ಯಾನ್ ಇದೆ. ಅವರು ಬರುವುದು ಬೇಡ ಎಂದು ನಾನು ಹೇಳಿಲ್ಲ. ನೋಡೋಣ ಎಂದಿದ್ದೇನೆ.

ಫೆಬ್ರವರಿ 16, ಭಾನುವಾರ

ಹೆಂಡತಿಯ ತಂದೆಯ ಮನೆಗೆ ಹೋಗಿದ್ದೆವು. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಿದ್ದೆ, ಮೇಲಿನಿಂದ ಇಡೀ ಕಟ್ಟಡಕ್ಕೆ ಕೇಳುವಂತೆ ಘೋಷಣೆಯಾಯಿತು. "ಪ್ರಯಾಣಿಕರ ಗಮನಕ್ಕೆ. ಅಳಿಯಂದ್ರು ನಿಗದಿತ ಸಮಯಕ್ಕಿಂತ ತಡವಾಗಿ ಬರ್ತಿದ್ದಾರೆ. ಇದ್ರಿಂದ ಆಗೋ ತೊಂದರೆಗೆ ನನ್ನ ಮಗಳು ವಿಷಾದಿಸ್ತಾಳೆ." ಕೆಳಗಿನ ಮನೆಯವರು ಬಾಗಿಲು ತೆರೆದು ನೋಡಿ ನಕ್ಕರು. ನಗರದ ಒಬ್ಬ ಅಧಿಕಾರಿಯನ್ನು ನಡೆಸಿಕೊಳ್ಳುವ ರೀತಿ ಇದು.

ಹೆಂಡತಿ ಕರೆದಳು, ಬೇಡಿಕೊಂಡಳು, ಕೊನೆಗೆ ಅತ್ತಳು. ಅವರು ಜಗ್ಗಲಿಲ್ಲ. ಅವರ ವಾದ ಇಷ್ಟು: ಆ ಬೀದಿಯಲ್ಲಿ ಎಲ್ಲರಿಗೂ ಅವರು ಗೊತ್ತು, ನಮ್ಮ ಬೀದಿಯಲ್ಲಿ ಅವರು ಯಾರೋ ಒಬ್ಬ ಮುದುಕ. ಹಗಲು ಕೂರುವುದಕ್ಕೆ ಎಲ್ಲಾದರೂ ತಣ್ಣಗಿನ ಜಾಗ ಸಿಕ್ಕರೆ ಸಾಕು, ಸಂಜೆ ತಾರಸಿಗೆ ನೀರು ಹುಯ್ದು ತಮ್ಮ ಹಾಸಿಗೆಯಲ್ಲೇ ಮಲಗುತ್ತಾರೆ. ಅಂಥ ಜಾಗ ಸಿಗದಿದ್ದರೆ ಏಪ್ರಿಲ್‌ನಲ್ಲಿ ತಾವೇ ಪೆಟ್ಟಿಗೆ ಹಿಡಿದು ಬರುತ್ತಾರೆ. ಹಾಗೆ ಮಾತು ಕೊಟ್ಟು, ನನ್ನ ಕಡೆ ನೋಡಿ, "ಆಗ ನಿನ್ನ ಗಂಡ ಎಲ್ಲಿಗೆ ಓಡಿಹೋಗ್ತಾನೋ ನೋಡ್ಕೋ" ಎಂದು ಮಗಳಿಗೆ ಹೇಳಿದರು.

ವಾಪಸು ಬರುವಾಗ ಬಸ್ಸಿನಲ್ಲಿ ನನಗೆ ಹೊಳೆಯಿತು. ಅದೇ ಬೀದಿಯಲ್ಲಿ ನಮ್ಮ ನಗರಪಾಲಿಕೆಯ ಶಾಖಾ ಗ್ರಂಥಾಲಯವಿದೆ. ದಪ್ಪ ಗೋಡೆ, ಎತ್ತರದ ಸೂರು, ನೆಲ ಯಾವಾಗಲೂ ತಣ್ಣಗೆ. ಗ್ರಂಥಾಲಯಗಳನ್ನೆಲ್ಲ ಬೇಸಿಗೆಯಲ್ಲಿ ತಂಪು ಕೋಣೆಗಳೆಂದು ಘೋಷಿಸಿದರೆ? ಇದರಲ್ಲಿ ಸ್ವಂತ ಲಾಭವೇನೂ ಇಲ್ಲ. ನಕ್ಷೆ ವಿಭಾಗದಾಕೆ ಉಪಗ್ರಹದ ಚಿತ್ರದಿಂದ ಮಾಡಿದ ತಾಪದ ನಕ್ಷೆಯಲ್ಲಿ ಆ ಬೀದಿ ಎಲ್ಲಕ್ಕಿಂತ ಗಾಢ ಕೆಂಪಿದೆ. ವಿಜ್ಞಾನ ಹೇಳಿದ್ದನ್ನು ನಾನು ಮಾಡುತ್ತಿದ್ದೇನೆ ಅಷ್ಟೆ.

ಫೆಬ್ರವರಿ 27, ಗುರುವಾರ

ತಾಪ ಹೊಂದಾಣಿಕೆ ಕಾರ್ಯಾಗಾರ. ಹೋಟೆಲಿನ ಸಭಾಂಗಣದಲ್ಲಿ ಎಸಿ ಎಷ್ಟು ಜೋರಾಗಿತ್ತೆಂದರೆ ನಕ್ಷೆಯಾಕೆ ಶಾಲು ಹೊದ್ದು ಕೂತಿದ್ದಳು. ದೊಡ್ಡ ಊರಿನಿಂದ ಬಂದ ಸಲಹೆಗಾರ ಪರದೆಯ ಮೇಲೆ ಬಾಣಗಳು, ವರ್ತುಲಗಳು ತೋರಿಸಿದ. ಎಲ್ಲ ಬಾಣಗಳೂ ಒಂದರ ಬಾಲ ಇನ್ನೊಂದು ಹಿಡಿದು ಸುತ್ತುತ್ತಿದ್ದವು. ನಮ್ಮ ನಗರಕ್ಕೆ ಯಾವ ಮರ ನೆಡಬೇಕು ಎಂದು ನಕ್ಷೆಯಾಕೆ ಕೇಳಿದಳು. ಅದು ಮುಂದಿನ ಹಂತ ಎಂದ. ತಾರಸಿಗಳಿಗೆ ಬಿಳಿ ಬಣ್ಣ ಯಾರು ಬಳಿಯುತ್ತಾರೆ ಎಂದು ಕೇಳಿದಳು. ಅದು ಅದರ ಮುಂದಿನ ಹಂತ ಎಂದ. ಬಣ್ಣಬಣ್ಣದ ಚೀಟಿಗಳಲ್ಲಿ ನಮ್ಮ ಕನಸುಗಳನ್ನು ಬರೆದು ಗೋಡೆಗೆ ಅಂಟಿಸಲು ಹೇಳಿದ. ಒಳಚರಂಡಿ ವಿಭಾಗದವರು "ಊಟ ಎಷ್ಟೊತ್ತಿಗೆ" ಎಂದು ಬರೆದು ಅಂಟಿಸಿದರು.

ಆಮೇಲೆ ನಾನು ಎದ್ದು ತಂಪು ಕೋಣೆಗಳ ವಿಷಯ ಹೇಳಿದೆ. ಜನ ಬಿಸಿಲಿನಲ್ಲಿ ಎಲ್ಲಿಗೆ ಹೋಗಬೇಕು ಎಂಬುದಕ್ಕೆ ಇಡೀ ದಿನದಲ್ಲಿ ಬಂದ ಉತ್ತರ ಅದೊಂದೇ. ಚಪ್ಪಾಳೆಯಾಯಿತು. ಕಮಿಷನರ್ ತಲೆಯಾಡಿಸಿದರು.

ಚಪ್ಪಾಳೆ ಮುಗಿಯುವ ಹೊತ್ತಿಗೆ ನೌಕರರ ಸಂಘದ ಅಧ್ಯಕ್ಷರು ಎದ್ದರು. ಜನರ ಬಗ್ಗೆ ಸರಿ, ಆದರೆ ಅದೇ ಬಿಸಿಲಿನಲ್ಲಿ ಕಚೇರಿಗೆ ಬರುವ ನೌಕರರು ಮನುಷ್ಯರಲ್ಲವೇ ಎಂದರು. ನ್ಯಾಯವಾದ ಮಾತು. ಸಂಜೆಯೇ ಕೂತು ಇನ್ನೊಂದು ಅಧ್ಯಾಯ ಬರೆದುಬಿಟ್ಟೆ: ಹವಾಮಾನ ಇಲಾಖೆ ಕೆಂಪು ಎಚ್ಚರಿಕೆ ಕೊಟ್ಟ ದಿನ ನಗರಪಾಲಿಕೆಯ ಎಲ್ಲ ಕಚೇರಿಗಳಿಗೂ ರಜೆ. ಅಧ್ಯಕ್ಷರು ನನ್ನ ಎರಡೂ ಕೈ ಹಿಡಿದು ಕುಲುಕಿದರು. ಜನಕ್ಕೂ ಸಂತೋಷ, ನೌಕರರಿಗೂ ಸಂತೋಷ. ನನ್ನ ಸೇವಾವಧಿಯಲ್ಲಿ ಇಂಥ ದಿನ ಬಂದದ್ದು ಕಡಿಮೆ.

ಮಾರ್ಚ್ 12, ಬುಧವಾರ

ಯೋಜನೆ ಮಂಜೂರಾಯಿತು. ಒಳಗಿನ ಅಧ್ಯಾಯಗಳನ್ನು ಒಂದೇ ಸಭೆಯಲ್ಲಿ ಒಪ್ಪಿದರು, ಮುಖಪುಟದ ಚಿತ್ರಕ್ಕೆ ಮಾತ್ರ ಸಭೆಯ ಮೇಲೆ ಸಭೆ. ಸಲಹೆಗಾರನಿಗೆ ಬಿರುಕು ಬಿಟ್ಟ ನೆಲ ಬೇಕು. ನಮ್ಮ ನಗರದಲ್ಲಿ ಬಿರುಕು ಬಿಡುವುದಕ್ಕೆ ಬರಿಯ ನೆಲವೇ ಉಳಿದಿಲ್ಲ ಎಂದು ನಕ್ಷೆಯಾಕೆ ಹೇಳಿದಳು. ಕೊನೆಗೆ ಎರಡು ಅಂಗೈಗಳ ನಡುವೆ ಒಂದು ಸಸಿ ಎಂದು ತೀರ್ಮಾನವಾಯಿತು. ಅಂಗೈ ಸಲಹೆಗಾರನದು. ಸಸಿ ಫೋಟೋ ತೆಗೆದ ಮಾರನೆಯ ದಿನ ಬಾಡಿತಂತೆ.

ಮಾರ್ಚ್ 29, ಶನಿವಾರ

ನಿಲ್ದಾಣದ ಹಿಂದಿನ ಬೀದಿಯ ತಂಪು ಕೋಣೆ ಉದ್ಘಾಟನೆ. ಗ್ರಂಥಾಲಯದ ಓದುವ ಕೋಣೆಯಲ್ಲಿ ಉದ್ದನೆಯ ಬೆಂಚುಗಳು, ದೊಡ್ಡ ನೀರಿನ ಡ್ರಮ್ಮು, ಕಿಟಕಿಗಳಿಗೆ ಒದ್ದೆ ಪರದೆ, ಹೊಸ ಫ್ಯಾನುಗಳು. ಮಾವನವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದರು. ಅವರನ್ನು ಮೊದಲ ಕುರ್ಚಿಯಲ್ಲಿ ಕೂರಿಸಿದೆ. ಬೀದಿಯ ದರ್ಜಿ, ಹಾಲಿನಂಗಡಿಯಾಕೆ, ಇನ್ನೂ ಒಂದಷ್ಟು ಜನ ಬಾಗಿಲಲ್ಲೇ ಸಂಕೋಚದಿಂದ ನಿಂತಿದ್ದನ್ನು ಕಂಡು ಅವರು ಎದ್ದುಬಿಟ್ಟರು. ಅವರೆಲ್ಲ ಒಳಗೆ ಬಂದು ಕೂತ ಮೇಲೆಯೇ ತಾವು ಕೂತರು. ಉದ್ಘಾಟನೆ ಅದರಿಂದ ತಡವಾಯಿತು.

ಗ್ರಂಥಪಾಲಕ ಮೌನಪ್ರಿಯ. ಮಾವನವರು ಮಾತುಪ್ರಿಯ. ಏನಾಗುತ್ತದೋ ನೋಡಬೇಕು. ಅದು ಅವರಿಬ್ಬರ ವಿಷಯ. ಮನೆಯಲ್ಲಿ ಹೆಂಡತಿ ಖುಷಿಯಾಗಿದ್ದಾಳೆ, ನೀವು ಅಪ್ಪನಿಗೆ ಇಷ್ಟೆಲ್ಲ ಮಾಡುತ್ತೀರೆಂದು ಗೊತ್ತಿರಲಿಲ್ಲ ಎಂದಳು. ವಿನಯದಿಂದ ಸುಮ್ಮನಿದ್ದೆ. ಚಿಕ್ಕ ಕೋಣೆಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಫ್ಯಾನ್ ಚೆನ್ನಾಗಿ ತಿರುಗುತ್ತಿದೆ.

ಏಪ್ರಿಲ್ 9, ಬುಧವಾರ

ಗ್ರಂಥಪಾಲಕನಿಂದ ದೂರು. "ತಂಪು ಕೋಣೆಯ ಫಲಾನುಭವಿಯೊಬ್ಬರು ಗ್ರಂಥಾಲಯದ ಶಾಂತಿಗೆ ಭಂಗ ತರುತ್ತಿದ್ದಾರೆ." ಪಿಸುದನಿಯಲ್ಲಿ ಮಾತಾಡಬೇಕೆಂದು ನಿಯಮ ಮಾಡಿ ಕಳಿಸಿದೆ. ಮಾವನವರು ಫೋನ್ ಮಾಡಿ ತಾವು ಪಿಸುದನಿಯಲ್ಲೇ ಮಾತಾಡುತ್ತಿರುವುದಾಗಿ ಹೇಳಿದರು. ಫೋನನ್ನು ಕಿವಿಯಿಂದ ಒಂದು ಮೊಳ ದೂರ ಹಿಡಿದು ಕೇಳಿಸಿಕೊಂಡೆ.

ಏಪ್ರಿಲ್ 22, ಮಂಗಳವಾರ

ತಪಾಸಣೆಗೆಂದು ಆ ಕಡೆ ಹೋಗಿದ್ದೆ. ಹೊರಗೆ ರಸ್ತೆಯ ಡಾಂಬರು ಚಪ್ಪಲಿಗೆ ಅಂಟುತ್ತಿತ್ತು. ಒಳಗೆ ಕಾಲಿಟ್ಟರೆ ಜೀವ ಬಂದಂತಾಯಿತು. ದರ್ಜಿ ಮೂಲೆಯಲ್ಲಿ ಗುಂಡಿ ಹೊಲಿಯುತ್ತಿದ್ದ. ಹಾಲಿನಂಗಡಿಯಾಕೆ ಮಗುವನ್ನು ಮಲಗಿಸಿಕೊಂಡು ತಾನೂ ಮಲಗಿದ್ದಳು. ಗ್ರಂಥಪಾಲಕನೂ ಮಾವನವರೂ ಒಂದೇ ಪತ್ರಿಕೆಯ ಎರಡು ತುದಿ ಹಿಡಿದು ಕೂತಿದ್ದರು. ದೂರು ಏನಾಯಿತು ಎಂದು ಕೇಳಿದ್ದಕ್ಕೆ ಗ್ರಂಥಪಾಲಕ, ಅದು ಹೋದ ವಾರದ ಮಾತು ಸಾರ್ ಎಂದ.

ಅರ್ಧ ಗಂಟೆಗೆಂದು ಹೋದವನು ಕಚೇರಿ ಮುಚ್ಚುವ ಹೊತ್ತಿನವರೆಗೆ ಅಲ್ಲೇ ಇದ್ದೆ. ತಪಾಸಣೆ ಎಂದರೆ ಕೂಲಂಕಷವಾಗಿ ಮಾಡಬೇಕು.

ಮೇ 5, ಸೋಮವಾರ

ನಾಳೆಗೆ ಕೆಂಪು ಎಚ್ಚರಿಕೆ ಬಂದಿದೆ. ಈ ವರ್ಷದ ಮೊದಲನೆಯದು. ಯೋಜನೆಗೆ ಇದೇ ಮೊದಲ ಪರೀಕ್ಷೆ ಎಂದು ಮೈಯೆಲ್ಲ ಹುರುಪು. ನಗರದ ಎಲ್ಲ ಮೊಬೈಲುಗಳಿಗೂ ಸಂದೇಶ ಕಳಿಸಿದೆ: ಬಿಸಿಲಿಗೆ ಹೊರಬರಬೇಡಿ, ಮನೆ ಬಿಸಿಯಾಗಿದ್ದರೆ ಹತ್ತಿರದ ತಂಪು ಕೋಣೆಗೆ ಹೋಗಿ. ಹಿಂದೆಯೇ ಕಚೇರಿಗಳಿಗೆ ರಜೆಯ ಆದೇಶವನ್ನೂ ಹೊರಡಿಸಿದೆ. ಬಸ್ಸಿನವರಿಗೂ ಮಧ್ಯಾಹ್ನ ವಿರಾಮ. ಮಾವನವರಿಗೆ ಫೋನ್ ಮಾಡಿ, ಬೇಗ ಹೋಗಿ ಒಳ್ಳೆಯ ಜಾಗ ಹಿಡಿಯಿರಿ ಎಂದೆ.

ನಾಳೆ ಮನೆಯಲ್ಲೇ. ಕಾಲು ಚಾಚಿ ಮಲಗುವ ಯೋಚನೆ ಇದೆ.

ಮೇ 6

ಆಸ್ಪತ್ರೆಯಲ್ಲಿದ್ದೇವೆ. ಬರೆಯಲು ಕೈ ಬರುತ್ತಿಲ್ಲ.

ಮೇ 8, ಗುರುವಾರ

ಮಾವ ಇನ್ನೂ ಕಣ್ಣು ಸರಿಯಾಗಿ ಬಿಟ್ಟಿಲ್ಲ. ಹೆಂಡತಿ ಒಳಗೆ ಕೂತಿದ್ದಾಳೆ, ನಾನು ಹೊರಗಿನ ಬೆಂಚಿನ ಮೇಲೆ. ನಡೆದದ್ದನ್ನು ಬರೆದರೆ ತಲೆಯಾದರೂ ನಿಲ್ಲಬಹುದು.

ಮೊನ್ನೆ ಹೆಂಡತಿ ಕೆಲಸಕ್ಕೆ ಹೋಗಿದ್ದಳು, ಅವಳ ಆಸ್ಪತ್ರೆ ಖಾಸಗಿಯದು. ನಾನು ಚಿಕ್ಕ ಕೋಣೆಯಲ್ಲಿ ಕಾಲು ಚಾಚಿ ಮಲಗಿದ್ದೆ. ಮಧ್ಯಾಹ್ನದ ಹೊತ್ತಿಗೆ ನಕ್ಷೆಯಾಕೆ ಫೋನ್ ಮಾಡಿದಳು. "ಸರ್, ಗ್ರಂಥಾಲಯ ನಮ್ಮ ಕಚೇರಿಗಳ ಲೆಕ್ಕದಲ್ಲೇ ಬರುತ್ತಾ?" ಎಂದಳು. ಬರದೆ ಏನು, ಅದೂ ನಗರಪಾಲಿಕೆಯದೇ ಎಂದೆ. "ಹಾಗಾದ್ರೆ ತಂಪು ಕೋಣೆಗಳಿಗೆಲ್ಲ ಇವತ್ತು ಬೀಗ ಬಿದ್ದಿದೆ ಸರ್."

ಎರಡೂ ಅಧ್ಯಾಯ ನಾನೇ ಬರೆದದ್ದು. ಒಂದೇ ಮೇಜಿನ ಮೇಲೆ, ಒಂದೇ ಪೆನ್ನಿನಲ್ಲಿ. ಅತಿ ಬಿಸಿಲಿನ ದಿನಕ್ಕೆಂದು ಮಾಡಿದ ಕೋಣೆಗಳನ್ನು ಅತಿ ಬಿಸಿಲಿನ ದಿನವೇ ಮುಚ್ಚುವಂತೆ ಆದೇಶ ಕೊಟ್ಟಿದ್ದೆ. ಕಮಿಷನರ್ ಓದಿದ್ದರು, ಸಲಹೆಗಾರ ಓದಿದ್ದ, ಸಂಘದ ಅಧ್ಯಕ್ಷರು ತಮ್ಮ ಪುಟವನ್ನು ಬಾಯಿಪಾಠ ಮಾಡಿದ್ದರು. ಒಬ್ಬರ ತಲೆಗೂ ಹೊಳೆದಿರಲಿಲ್ಲ.

ಮಾವನಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ಬಸ್ಸುಗಳನ್ನು ನಾನೇ ನಿಲ್ಲಿಸಿದ್ದೆ. ಟ್ಯಾಕ್ಸಿಯವರು ಯಾರೂ ಬರಲೊಪ್ಪಲಿಲ್ಲ. ಪಕ್ಕದ ಮನೆಯ ಹುಡುಗಿಯ ಸೈಕಲ್ ಕೇಳಿ ಪಡೆದು ಹೊರಟೆ. ಮುಂದೆ ಬುಟ್ಟಿ, ಬುಟ್ಟಿಗೆ ಪ್ಲಾಸ್ಟಿಕ್ ಹೂವು. ಆ ಬಿಸಿಲಿನಲ್ಲಿ ದಾರಿಯಲ್ಲಿ ಯಾರೂ ಇರಲಿಲ್ಲ, ಹಾಗಾಗಿ ಯಾರೂ ನಗಲಿಲ್ಲ. ನಾನು ಬುಟ್ಟಿಯಲ್ಲಿ ನೀರಿನ ಬಾಟಲಿ ಹಾಕಿಕೊಂಡಿದ್ದು ಮಾತ್ರ ನೆನಪಿದೆ, ತುಳಿದದ್ದು ನೆನಪಿಲ್ಲ.

ಗ್ರಂಥಾಲಯದ ಬಾಗಿಲಿಗೆ ನನ್ನ ಸಹಿಯ ಸೂಚನೆ ಅಂಟಿಸಿತ್ತು: ಕೆಂಪು ಎಚ್ಚರಿಕೆಯ ಪ್ರಯುಕ್ತ ಎಲ್ಲರ ಹಿತದೃಷ್ಟಿಯಿಂದ ಮುಚ್ಚಲಾಗಿದೆ. ಅದರ ಕೆಳಗೆ, ಚಾಪೆಯಗಲದ ನೆರಳಿನಲ್ಲಿ, ಆ ಬೀದಿಯ ಜನ ಮೆಟ್ಟಿಲ ಮೇಲೆ ಒತ್ತಿಕೊಂಡು ಕೂತಿದ್ದರು. ಮನೆಗೆ ವಾಪಸು ಹೋದರೆ ಇನ್ನೂ ಬಿಸಿ. ಈಗ ತೆಗೆಯುತ್ತಾರೆ, ಇನ್ನೇನು ತೆಗೆಯುತ್ತಾರೆ ಎಂದು ಬೆಳಿಗ್ಗೆಯಿಂದ ಕಾಯುತ್ತಿದ್ದರಂತೆ. ಸರ್ಕಾರದ ಸಂದೇಶ ಬಂದಿದೆಯಲ್ಲ. ಅವರು ಬೇಸರಪಡದ ಹಾಗೆ ಮಾವ ಆಗಾಗ ಘೋಷಣೆ ಮಾಡುತ್ತಿದ್ದರಂತೆ: ತಂಪು ಕೋಣೆ ಅನಿವಾರ್ಯ ಕಾರಣಗಳಿಂದ ತಡವಾಗಿ ಬರುತ್ತಿದೆ, ಪ್ರಯಾಣಿಕರು ಸಹಕರಿಸಬೇಕು. ನೆರಳು ಎಲ್ಲರಿಗೂ ಸಾಲದೆಂದು ಅವರು ಕೆಳಗಿನ ಮೆಟ್ಟಿಲಲ್ಲಿ, ಬಿಸಿಲಿನಲ್ಲೇ ನಿಂತಿದ್ದರು.

ನನ್ನನ್ನು ಕಂಡು ಅವರು ಒಂದು ರೈಲನ್ನು ಘೋಷಿಸಿದರು. ಅದು ನಿಲ್ಲುವ ಊರುಗಳನ್ನೆಲ್ಲ ಒಂದೂ ಬಿಡದೆ ಹೇಳಿದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಹತ್ತಿರ ಹೋದಾಗ ನನ್ನ ಮುಖ ನೋಡಿ ಬಹಳ ಮರ್ಯಾದೆಯಿಂದ, "ಸ್ವಲ್ಪ ಹಿಂದೆ ನಿಲ್ಲಿ ಸಾರ್. ಗಾಡಿ ಬರ್ತಾ ಇದೆ" ಎಂದರು. ನಾನು ಯಾರೆಂದು ಅವರಿಗೆ ಗೊತ್ತಿರಲಿಲ್ಲ. ಕೈ ಹಿಡಿದೆ, ಇಸ್ತ್ರಿಪೆಟ್ಟಿಗೆ ಮುಟ್ಟಿದ ಹಾಗಿತ್ತು. ಬೆವರು ಒಂದು ಹನಿಯೂ ಇರಲಿಲ್ಲ.

ಬೀಗವನ್ನು ಕಲ್ಲಿನಿಂದ ಒಡೆದೆ. ದರ್ಜಿಯೂ ಕೈಜೋಡಿಸಿದ. ಕಡಿಮೆ ದರದ ಟೆಂಡರಿನಲ್ಲಿ ಕೊಂಡ ಬೀಗ, ನಮ್ಮ ಪುಣ್ಯ, ಬೇಗ ಬಿಟ್ಟುಕೊಂಡಿತು. ತಣ್ಣಗಿನ ನೆಲದ ಮೇಲೆ ಅವರನ್ನು ಮಲಗಿಸಿ, ಕಿಟಕಿಯ ಪರದೆಗಳನ್ನೇ ಕಿತ್ತು ಡ್ರಮ್ಮಿನಲ್ಲಿ ಅದ್ದಿ ಮೈಮೇಲೆ ಹೊದಿಸಿದೆವು. ಹಾಲಿನಂಗಡಿಯಾಕೆ ಆಂಬ್ಯುಲೆನ್ಸ್ ಕರೆದಳು. ಅಷ್ಟು ಹೊತ್ತೂ ಅವರು ಸಣ್ಣ ದನಿಯಲ್ಲಿ ಊರುಗಳ ಹೆಸರು ಹೇಳುತ್ತಲೇ ಇದ್ದರು. ಅವರಿಗೆ ಪಿಸುದನಿ ಬರುತ್ತದೆಂದು ನನಗೆ ಆಗಲೇ ಗೊತ್ತಾದದ್ದು.

ಹೆಂಡತಿ ಈವರೆಗೆ ನನ್ನನ್ನು ಏನೂ ಕೇಳಿಲ್ಲ. ಸೂಚನೆಯನ್ನು ಓದಿದ್ದಾಳೆ. ಬೈದಿದ್ದರೆ ಚೆನ್ನಾಗಿತ್ತು.

ಮೇ 10, ಶನಿವಾರ

ಬೆಳಿಗ್ಗೆ ಕಣ್ಣು ಬಿಟ್ಟು ನನ್ನನ್ನೇ ನೋಡಿದರು. "ಆಫೀಸಿಗೆ ರಜಾ ಅಂತ ಬಂದ್ರಾ, ಅಳಿಯಂದ್ರೆ?" ಎಂದರು.

ಹೊರಗೆ ಹೋಗಿ ಅತ್ತೆ. ಗೋಡೆಯ ಕಡೆ ಮುಖ ಮಾಡಿ ಅತ್ತೆ. ಒಬ್ಬ ನರ್ಸು ಬಂದು, ಧೈರ್ಯ ತಗೊಳ್ಳಿ, ಏನಾಯ್ತು ಎಂದಳು. ಹುಷಾರಾದರು ಎಂದೆ. ಅವಳಿಗೆ ಅರ್ಥವಾಗಲಿಲ್ಲ.

ಮೇ 15, ಗುರುವಾರ

ಮಾವನನ್ನು ಮನೆಗೆ ಕರೆತಂದೆವು. ಚಿಕ್ಕ ಕೋಣೆಯಿಂದ ನನ್ನ ಮೇಜು ಹಾಲಿಗೆ ಬಂದಿದೆ, ನಕ್ಷೆಗಳು ಮಂಚದ ಕೆಳಗೆ. ಈ ಫ್ಯಾನ್ ಇಷ್ಟು ಚೆನ್ನಾಗಿ ತಿರುಗುತ್ತದೆಂದು ಇಷ್ಟು ವರ್ಷ ಯಾಕೆ ಗುಟ್ಟಾಗಿಟ್ಟಿದ್ದಿರಿ ಎಂದು ಕೇಳಿದರು. ನಾನು ಸ್ನಾನಕ್ಕೆ ಹೋದರೆ ಹೊರಟ ಸಮಯ, ಬಂದ ಸಮಯ ಎರಡೂ ಘೋಷಣೆಯಾಗುತ್ತವೆ.

ಸಾರ್ವಜನಿಕ ಸ್ವತ್ತಾದ ಬೀಗ ಒಡೆದದ್ದಕ್ಕೆ ವಿವರಣೆ ಕೇಳಿ ನನಗೆ ನೋಟಿಸು ಬರಬೇಕಿತ್ತು. ಕೆಂಪು ಎಚ್ಚರಿಕೆಯ ದಿನದ ಹಾನಿಗಳೆಲ್ಲ ನನ್ನ ವಿಭಾಗಕ್ಕೇ ಸೇರುವುದರಿಂದ ಕರಡು ನನ್ನ ಮೇಜಿಗೇ ಬಂತು. ಒಳ್ಳೆಯ ಖಡಕ್ಕಾದ ಕರಡು. ಸಹಿ ಹಾಕಿ ನನಗೇ ಕಳಿಸಿಕೊಂಡೆ.

ಮೇ 20, ಮಂಗಳವಾರ

ಕಮಿಷನರ್ ಸಭೆ ಕರೆದಿದ್ದರು. ಹೀಗಾಗಲು ಯಾರು ಕಾರಣ ಎಂದು ಕೇಳಿದರು. ನಾನು, ಎರಡು ಅಧ್ಯಾಯಗಳನ್ನೂ ನಾನೇ ಬರೆದದ್ದು ಎಂದೆ. ಸಭೆಯಲ್ಲಿ ಯಾರೋ ನೇರವಾಗಿ ಉತ್ತರ ಕೊಟ್ಟಿದ್ದು ಅವರಿಗೆ ಎಷ್ಟು ವಿಚಿತ್ರವಾಗಿ ಕಂಡಿತೆಂದರೆ ಮುಂದಿನ ಪ್ರಶ್ನೆಯೇ ಹೊಳೆಯಲಿಲ್ಲ.

ಸಲಹೆಗಾರ ಪರದೆಯ ಮೇಲೆ ಬಂದು, ಮೊಬೈಲಿನಿಂದ ತೆರೆಯುವ ಬೀಗ ಹಾಕಿಸಬಹುದು ಎಂದ. ನಾನು ಬೇಡವೆಂದೆ. ಬೀಗದ ಕೈ ಆ ಬೀದಿಯಲ್ಲೇ ವಾಸ ಮಾಡುವವರ ಕೈಯಲ್ಲಿರಬೇಕು, ಅವರಿಗೆ ರಜೆ ಎಂಬುದು ಇರುವುದಿಲ್ಲ ಎಂದೆ. ದಿನಾ ಬರುವವರು ಯಾರಾದರೂ ಬರದಿದ್ದರೆ ಹೋಗಿ ವಿಚಾರಿಸುವುದೂ ಅವರ ಕೆಲಸ. ನಕ್ಷೆಯಾಕೆ ನನ್ನ ಪರವಾಗಿ ಮಾತಾಡಿದಳು. ಸಂಘದ ಅಧ್ಯಕ್ಷರೂ ಒಪ್ಪಿದರು, ನೌಕರರ ರಜೆಗೆ ಕುತ್ತಿಲ್ಲವಲ್ಲ. ಅಲ್ಲೇ ತಿದ್ದುಪಡಿ ಬರೆದು ಮಂಜೂರು ಮಾಡಿಸಿಕೊಂಡೆ.

ಮನೆಗೆ ಬಂದು ಮಾವನಿಗೆ ಓದಿ ಹೇಳಿದೆ. ಗಮನವಿಟ್ಟು ಕೇಳಿದರು. ತಮ್ಮ ಬೀದಿಯಲ್ಲಿ ಕೀಲಿಕೈ ಯಾರಿಗೆ ಎಂದರು. ದರ್ಜಿ ಇದ್ದಾನಲ್ಲ, ನೋಡೋಣ ಎಂದೆ. ಅವರು ಎದ್ದು ತಮ್ಮ ಬಟ್ಟೆ ಮಡಿಸತೊಡಗಿದರು. ಡಾಕ್ಟರು ಇನ್ನೂ ವಿಶ್ರಾಂತಿ ಬೇಕು ಎಂದಿದ್ದಾರೆ, ನಿಮ್ಮ ಮಗಳಿಗೆ ನೀವು ಇಲ್ಲೇ ಇದ್ದರೆ ನೆಮ್ಮದಿ, ಆ ತಾರಸಿ ಒಲೆಯ ಮೇಲಿನ ಹೆಂಚಿನ ಹಾಗಿದೆ ಎಂದು ಬಾಯಿಗೆ ಬಂದದ್ದನ್ನೆಲ್ಲ ಹೇಳಿದೆ.

"ಬೀದೀಲಿ ವಾಸ ಮಾಡೋರ ಕೈಲಿ ಅಂತ ನೀವೇ ಬರ್ದಿದೀರಿ. ನಾನ್ ಇಲ್ಲಿದ್ರೆ ನಿಮ್ಮನೆ ಅತಿಥಿ ಅಳಿಯಂದ್ರೆ, ಅಲ್ಲಿದ್ರೆ ಕೆಲಸಕ್ಕೆ ಬರ್ತೀನಿ" ಎಂದರು.

ತಿದ್ದುಪಡಿಯನ್ನು ಮತ್ತೆ ಮತ್ತೆ ಓದಿದೆ. ಎಲ್ಲಾದರೂ ಸಂದು ಇರಬಹುದೆಂದು ಹುಡುಕಿದೆ. ಈ ಸಲ ಎಚ್ಚರಿಕೆಯಿಂದ ಬರೆದುಬಿಟ್ಟಿದ್ದೇನೆ, ಒಂದೂ ಸಿಗಲಿಲ್ಲ.

ಮೇ 25, ಭಾನುವಾರ

ನಾನೂ ನಕ್ಷೆಯಾಕೆಯೂ ಮಾವನ ಕಟ್ಟಡದ ತಾರಸಿಗೆ ಬಿಳಿ ಬಣ್ಣ ಬಳಿದೆವು. ಬೆಳಕು ಹರಿಯುವ ಮೊದಲೇ ಶುರು ಮಾಡಿದ್ದು. ಯೋಜನೆಯ ಪ್ರಕಾರ ಇದು ಇನ್ನೂ ಮುಂದಿನ ಹಂತದ ಮುಂದಿನ ಹಂತ. ನನ್ನ ಪ್ಯಾಂಟು, ಕನ್ನಡಕ, ಒಂದು ಕಿವಿ ಕೂಡ ತಾಪ ಪ್ರತಿಫಲಿಸುವಂತಾಗಿವೆ. ಮಾವ ಕೆಳಗೆ ಕುರ್ಚಿ ಹಾಕಿಸಿಕೊಂಡು ಕೆಲಸದ ಪ್ರಗತಿಯನ್ನು ಬೀದಿಗೆಲ್ಲ ಘೋಷಿಸಿದರು. ತೀರಾ ಬಿಸಿಯ ರಾತ್ರಿಗಳಲ್ಲಿ ಮಲಗಲು ನಮ್ಮ ಮನೆಗೆ ಬರಬೇಕೆಂದು ಹೆಂಡತಿ ಷರತ್ತು ಹಾಕಿದಳು. ಪರಿಶೀಲಿಸಲಾಗುವುದು ಎಂದರು.

ಗ್ರಂಥಾಲಯದ ಕೀಲಿಕೈಯನ್ನು ಅವರ ಕೈಗಿಟ್ಟು, ಅವರನ್ನು ಅಲ್ಲೇ ಬಿಟ್ಟು ಬಂದೆವು. ಮನೆಯಲ್ಲಿ ಸದ್ದಿಲ್ಲ. ಚಿಕ್ಕ ಕೋಣೆ ನನಗೆ ವಾಪಸು ಸಿಕ್ಕಿತು. ನನಗೂ ಇಷ್ಟು ದಿನ ಕೆಲಸ ಹಿಂದೆ ಬಿದ್ದಿತ್ತು. ಮೇಜು ಹಾಲಿನಲ್ಲೇ ಇದೆ, ನಾಳೆ ಎತ್ತಿಡಬೇಕು.

ಜೂನ್ 2, ಸೋಮವಾರ

ಎರಡನೆಯ ಕೆಂಪು ಎಚ್ಚರಿಕೆ. ಕಚೇರಿಗೆ ರಜೆ. ಮೇಜು ಇನ್ನೂ ಹಾಲಿನಲ್ಲೇ ಇರುವುದರಿಂದ ಮನೆಯಲ್ಲಿ ಕೂರಲು ಸರಿಯಾದ ಜಾಗವಿಲ್ಲ. ಅದಕ್ಕೆ ತಪಾಸಣೆಗೆ ಹೊರಟೆ. "ಅಪ್ಪನಿಗೆ ಈ ನಿಂಬೆ ಶರಬತ್ತು ಕೊಡಿ" ಎಂದು ಹೆಂಡತಿ ಬಾಟಲಿ ಕೈಗಿಟ್ಟಳು. ತಪಾಸಣೆ ಯಾವ ಬೀದಿಯಲ್ಲಿ ಎಂದು ನಾನು ಅವಳಿಗೆ ಹೇಳಿರಲಿಲ್ಲ.

ಗ್ರಂಥಾಲಯದ ಬಾಗಿಲು ಹಾರುಹೊಡೆದಿತ್ತು. ಒಳಗೆ ಬೆಂಚುಗಳೆಲ್ಲ ಭರ್ತಿ. ಗ್ರಂಥಪಾಲಕ ರಜೆಯಿದ್ದರೂ ಬಂದು ಮೂಲೆಯಲ್ಲಿ ಓದುತ್ತಿದ್ದ. ಮಾವ ಮಾತ್ರ ಇರಲಿಲ್ಲ. ಎಲ್ಲಿ ಎಂದು ಕೇಳಿದೆ. ಎದುರು ಕಟ್ಟಡದ ಅಜ್ಜಿ ಇವತ್ತು ಬಂದಿಲ್ಲ, ಅವರನ್ನು ಕರೆತರಲು ಹೋದರು ಎಂದು ಹಾಲಿನಂಗಡಿಯಾಕೆ ಹೇಳಿದಳು. ಯಾವ ಮಹಡಿ ಎಂದೆ. ಕೊನೇ ಮಹಡಿ ಎಂದಳು.

ಓಡಿದೆ. ಎದುರು ಕಟ್ಟಡದ ಮೆಟ್ಟಿಲ ಬುಡದಲ್ಲಿ ಅವರು ಕಂಬಿ ಹಿಡಿದು ಮೇಲೆ ನೋಡುತ್ತಾ ನಿಂತಿದ್ದರು. ನನಗೆ ಸಿಟ್ಟು ನೆತ್ತಿಗೇರಿತು. ಆಸ್ಪತ್ರೆಯಿಂದ ಬಂದು ಇನ್ನೂ ತಿಂಗಳಾಗಿಲ್ಲ, ಇಷ್ಟು ಮಹಡಿ ಹತ್ತಲು ಯಾರು ಹೇಳಿದರು ನಿಮಗೆ ಎಂದು ಕೂಗಾಡಿದೆ. ಯಾರು ಹೇಳಿದ್ದು ಎಂದು ಅವರು ನನ್ನನ್ನೇ ನೋಡಿದರು. ನಿಮಗೇನಾದರೂ ಆದರೆ ನಾನೇನು ಮಾಡಲಿ ಎಂದೆ. ನಿಮ್ಮ ಮಗಳು ಏನು ಮಾಡಲಿ ಎನ್ನಬೇಕಿತ್ತು, ಅವಸರದಲ್ಲಿ ಹಾಗೆ ಬಂತು.

"ಬಿಸಿಲಲ್ಲಿ ನಿಂತ್ಕೊಂಡು ಬೈಬೇಡಿ ಅಳಿಯಂದ್ರೆ. ಒಳಗೆ ಬಂದು ನೆಮ್ಮದಿಯಾಗಿ ಬೈಯೋರಂತೆ" ಎಂದರು, ನನ್ನ ತಲೆಯ ಮೇಲೆ ಒಮ್ಮೆ ಕೈಯಾಡಿಸಿದರು. ಬಣ್ಣ ಇನ್ನೂ ಅಂಟಿತ್ತೋ ಏನೋ. ಬಾಟಲಿ ಅವರ ಕೈಗೆ ಕೊಟ್ಟು, ಅವರನ್ನು ಗ್ರಂಥಾಲಯದ ಒಳಗೆ ಕೂರಿಸಿ, ನಾನು ಹತ್ತಿದೆ.

ಮೆಟ್ಟಿಲ ಸಾಲು ಬೇಕರಿಯ ಒಲೆಯ ಹಾಗಿತ್ತು. ಕೊನೆಯ ಮಹಡಿಯಲ್ಲಿ ಒಂದೇ ಬಾಗಿಲು. ತಟ್ಟಿದೆ. ಯಾರು ಎಂದು ಒಳಗಿಂದ ಸಣ್ಣ ದನಿ. ನನ್ನ ಹುದ್ದೆಯನ್ನು ಪೂರ್ತಿಯಾಗಿ ಹೇಳಿದೆ. ಸದ್ದಿಲ್ಲ. ಯೋಜನೆಯ ಹೆಸರು ಹೇಳಿದೆ, ಅದರ ಉದ್ದೇಶವನ್ನು ಬಾಗಿಲಿಗೆ ವಿವರಿಸಿದೆ. ನಮಗೇನೂ ಬೇಡಪ್ಪ ಎಂದರು. ಗುರುತಿನ ಚೀಟಿಯನ್ನು ಬಾಗಿಲ ಸಣ್ಣ ಕಿಂಡಿಗೆ ಹಿಡಿದೆ. ಹೋದ ವರ್ಷ ಹೀಗೇ ಚೀಟಿ ತೋರಿಸಿದವನು ನೀರಿನ ಸಂಪರ್ಕ ಕಿತ್ತುಹಾಕಿ ಹೋದ ಎಂದರು. ಅವರ ದನಿ ಸೋಲುತ್ತಿತ್ತು, ಮಾತಿನ ನಡುವೆ ಉಸಿರು ಸಿಕ್ಕಿಕೊಳ್ಳುತ್ತಿತ್ತು. ಇನ್ನೂ ಸ್ವಲ್ಪ ಹೊತ್ತು ಒಳಗೇ ಇದ್ದರೆ ಏನಾಗುತ್ತದೆಂದು ನನಗೆ ಈಗ ಗೊತ್ತು. ಹೇಳಲು ನನ್ನ ಹತ್ತಿರ ಇನ್ನೇನೂ ಉಳಿದಿರಲಿಲ್ಲ.

"ಅಮ್ಮಾ, ನಾನು ಅನೌನ್ಸರ್ ಅವರ ಅಳಿಯ. ಅವರು ಕೆಳಗೆ ನಿಮಗೋಸ್ಕರ ಕಾಯ್ತಿದ್ದಾರೆ" ಎಂದೆ.

ಚಿಲಕ ಸರಿಯಿತು. ಅಜ್ಜಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು, ಕೈಚೀಲವನ್ನು ನನ್ನ ಹೆಗಲಿಗೆ ಹಾಕಿದರು, ನನ್ನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡರು.

"ಅದನ್ನ ಮೊದಲೇ ಹೇಳೋದಲ್ವಾ" ಎಂದರು.